ಗಟ್ ಬಯೋಮಾರ್ಕರ್: ಖಿನ್ನತೆಯ ಗುರುತು ಕರುಳಲ್ಲಿ ಸಿಗುತ್ತಾ?

ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ, ನಂಬರ್ ಬರುತ್ತದೆ. ಖಿನ್ನತೆಗೆ ಅಂಥ ನಂಬರ್ ಇಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ವಾ ಅಂತ ಡಾಕ್ಟರ್ ಕೇಳುತ್ತಾರೆ, ಉತ್ತರಗಳ ಮೇಲೆ ತೀರ್ಮಾನಕ್ಕೆ ಬರುತ್ತಾರೆ. ಈ ಪದ್ಧತಿ ಕೆಟ್ಟದ್ದೇನಲ್ಲ. ಆದರೆ "ಏನಿಲ್ಲ, ಸುಮ್ನೆ ಸುಸ್ತು" ಅಂದುಬಿಡುವವರು ಇಲ್ಲಿ ತಪ್ಪಿಹೋಗುತ್ತಾರೆ, ಹೇಳಿಕೊಂಡರೂ ಮನೆಯವರು ನಂಬದೇ ಹೋದವರ ಪಾಡಂತೂ ಇನ್ನೂ ಕಷ್ಟ.

ಬಯೋಮಾರ್ಕರ್ ಅಂದರೆ ದೇಹದಲ್ಲಿ ಅಳೆದು ನೋಡಬಹುದಾದ ಗುರುತು. ಅದನ್ನು ಕರುಳಲ್ಲಿ ಹುಡುಕಿದರೆ ಗಟ್ ಬಯೋಮಾರ್ಕರ್. ಮಲದ ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿ, ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ನೋಡುತ್ತಾರೆ. ಅವು ತಯಾರಿಸುವ ಬ್ಯುಟಿರೇಟ್‌ನಂಥ ರಾಸಾಯನಿಕಗಳನ್ನೂ ಅಳೆಯುತ್ತಾರೆ.

ಕರುಳಿಗೂ ಮನಸ್ಸಿಗೂ ಏನು ಸಂಬಂಧ? ವೇಗಸ್ ನರ ಎರಡರ ನಡುವೆ ಸುದ್ದಿ ಸಾಗಿಸುತ್ತದೆ, ಕರುಳಿನ ಉರಿಯೂತ ರಕ್ತದ ಮೂಲಕ ಮೆದುಳಿನವರೆಗೂ ಪರಿಣಾಮ ಬೀರುತ್ತದೆ. ಮನಸ್ಥಿತಿಯ ಜೊತೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಸುಮಾರು 90% ಕರುಳಲ್ಲೇ ತಯಾರಾಗುತ್ತದೆ ಅನ್ನುವುದೂ ನಿಜ, ಆದರೆ ಅದು ನೇರವಾಗಿ ಮೆದುಳಿಗೆ ಹೋಗುವುದಿಲ್ಲ. ಈ ಎರಡನೇ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

2019ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಜನರ ಸ್ಯಾಂಪಲ್ ಪರೀಕ್ಷಿಸಿದರು. ಖಿನ್ನತೆ ಇದ್ದವರಲ್ಲಿ ಕಾಪ್ರೊಕಾಕಸ್, ಡಯಲಿಸ್ಟರ್ ಎಂಬ ಬ್ಯಾಕ್ಟೀರಿಯಾ ಕಡಿಮೆ ಇದ್ದವು, ಮಾತ್ರೆಗಳ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಅದಕ್ಕೂ ಮುಂಚೆ, 2016ರಲ್ಲಿ, ಖಿನ್ನತೆ ಇರುವವರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ನಡವಳಿಕೆಯಲ್ಲೂ ಖಿನ್ನತೆಯ ಲಕ್ಷಣ ಕಂಡಿತ್ತು. ನನಗೆ ಇದು ನಿಜಕ್ಕೂ ಭರವಸೆಯ ವಿಷಯ.

ಹಾಗಾದರೆ ಪರೀಕ್ಷೆ ಯಾಕಿನ್ನೂ ಬಂದಿಲ್ಲ? ಊಟ, ವಯಸ್ಸು, ಆ್ಯಂಟಿಬಯೋಟಿಕ್, ಮಲಬದ್ಧತೆ, ಎಲ್ಲವೂ ಈ ಬ್ಯಾಕ್ಟೀರಿಯಾಗಳನ್ನು ಬದಲಾಯಿಸುತ್ತವೆ. ಖಿನ್ನತೆಯಿಂದ ಊಟ ಬಿಟ್ಟವರ ಕರುಳು ಆ ಕಾರಣಕ್ಕೇ ಬದಲಾಗಿರಬಹುದು, ಅಲ್ವಾ? ಇನ್ನೂ ದೊಡ್ಡ ತೊಡಕೆಂದರೆ, ಕಾಪ್ರೊಕಾಕಸ್‌ನಂಥ, ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಕಡಿಮೆಯಾಗುವುದು ಬೈಪೋಲಾರ್, ಸ್ಕಿಜೋಫ್ರೇನಿಯಾ, ಆತಂಕದ ಕಾಯಿಲೆಗಳಲ್ಲೂ ಕಂಡಿದೆ. ಏನೋ ಸರಿಯಿಲ್ಲ ಅಂತ ಗೊತ್ತಾದರೂ ಯಾವ ಕಾಯಿಲೆ ಅಂತ ಅದೊಂದೇ ಹೇಳಲಾರದು. ನಾಳೆ ಒಳ್ಳೆಯ ಪರೀಕ್ಷೆ ಬಂದರೂ ಅದು ಡಾಕ್ಟರ ಮಾತುಕತೆಗೆ ಜೊತೆಯಾಗಿಯೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಆನ್‌ಲೈನ್‌ನಲ್ಲಿ ಸಿಗುವ ಮಲ ಪರೀಕ್ಷೆಯ ಕಿಟ್ ನೋಡಿ ಖಿನ್ನತೆ ಇದೆ ಅಥವಾ ಇಲ್ಲ ಅಂತ ನೀವೇ ನಿರ್ಧರಿಸಬೇಡಿ. ಅದರಲ್ಲೂ ರಿಪೋರ್ಟ್ ಚೆನ್ನಾಗಿದೆ ಅಂತ ಮಾತ್ರೆ ನಿಲ್ಲಿಸುವುದು ತುಂಬಾ ಅಪಾಯ.