ಲಾಗ್ ಪುಸ್ತಕಕ್ಕೆ ಸಿಗದ ಏಟುಗಳು

1797ರ ಸೆಪ್ಟೆಂಬರ್. ಕೆರಿಬಿಯನ್ ಸಮುದ್ರದಲ್ಲಿದ್ದ ಬ್ರಿಟನ್ನಿನ ಯುದ್ಧನೌಕೆ ‘ಹರ್ಮಯೊನಿ’ಗೆ ಬಿರುಗಾಳಿ ಎದುರಾಯಿತು. ಹಾಯಿ ಕುಗ್ಗಿಸಲು ನಾವಿಕರು ಕೂವೆಮರ ಏರಿದರು. ಕೆಲಸ ನಿಧಾನವಾಯಿತೆಂದು ಕ್ಯಾಪ್ಟನ್ ಹ್ಯೂ ಪಿಗಟ್ ಕೆಳಗಿನಿಂದ ಅಬ್ಬರಿಸಿದ: ಕೊನೆಗೆ ಇಳಿದವನಿಗೆ ಚಾಟಿಯೇಟು. ಅಡ್ಡಮರದ ತುತ್ತತುದಿಯಲ್ಲಿ ನಿಂತವನು ಎಷ್ಟೇ ಚುರುಕಾಗಿದ್ದರೂ ಇಳಿಯುವುದು ಕೊನೆಗೇ. ಎಲ್ಲರಿಗಿಂತ ಹೆಚ್ಚು ಅಪಾಯದ ಜಾಗವೂ ಅವನದೇ. ಏಟು ತಪ್ಪಿಸಿಕೊಳ್ಳುವ ಧಾವಂತದಲ್ಲಿ ಮೂವರು ಎಳೆಯರು ಡೆಕ್ಕಿಗೆ ಬಿದ್ದು ಸತ್ತರು. ಹೆಣಗಳನ್ನು ನೀರಿಗೆಸೆಯಿರಿ ಎಂದ ಪಿಗಟ್, ಜೊತೆಗೊಂದು ಬೈಗುಳವನ್ನೂ ಸೇರಿಸಿದ. ಗೊಣಗಿದವರ ಬೆನ್ನಿಗೆ ಚಾಟಿ ಬಿತ್ತು. ಸೆಪ್ಟೆಂಬರ್ 21ರ ರಾತ್ರಿ ಹಡಗು ದಂಗೆ ಎದ್ದಿತು. ಪಿಗಟ್ ಮತ್ತು ಒಂಬತ್ತು ಅಧಿಕಾರಿಗಳನ್ನು ಕೊಂದ ನಾವಿಕರು ಹಡಗನ್ನು ಶತ್ರುವಾದ ಸ್ಪೇನಿಗೆ ಒಪ್ಪಿಸಿದರು.

ಬ್ರಿಟಿಷ್ ನೌಕಾಪಡೆ ಈ ದಂಗೆಕೋರರನ್ನು ವರ್ಷಗಟ್ಟಲೆ ಬೆನ್ನಟ್ಟಿ, ಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಿತು. ಕೊಲೆಗೆ ಶಿಕ್ಷೆಯಾಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಗಟ್ ಹಿಂದಿನ ಹಡಗಿನಲ್ಲೂ ಚಾಟಿಗೆ ಹೆಸರಾದವನೇ. ಅಂಥವನ ಕೈಗೆ ಇನ್ನೊಂದು ಹಡಗನ್ನು ಕೊಟ್ಟವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ.

ಸಮುದ್ರದಲ್ಲಿ ಶಿಸ್ತು ಬೇಕೇಬೇಕು. ಬೆಂಕಿ ಹೊತ್ತಿದಾಗ, ತಳದಲ್ಲಿ ನೀರು ನುಗ್ಗಿದಾಗ, ಆಜ್ಞೆಯನ್ನು ಚರ್ಚೆಗಿಟ್ಟುಕೊಂಡು ಕೂತರೆ ಎಲ್ಲರೂ ಮುಳುಗುತ್ತಾರೆ. ಅದಕ್ಕಾಗಿಯೇ ಕ್ಯಾಪ್ಟನ್ನನಿಗೆ ದಡದ ಯಾವ ಅಧಿಕಾರಿಗೂ ಇಲ್ಲದಷ್ಟು ಅಧಿಕಾರವಿದೆ. ಅದೇ ಅಧಿಕಾರ ದುಷ್ಟನ ಕೈಗೆ ಸಿಕ್ಕರೆ ನಾವಿಕನಿಗೆ ಓಡಿಹೋಗಲು ಜಾಗವಿಲ್ಲ. ಪಾಳಿ ಮುಗಿಸಿ ಮಲಗಿದರೂ ಪೀಡಿಸುವವನು ಹತ್ತು ಹೆಜ್ಜೆ ದೂರದಲ್ಲಿರುತ್ತಾನೆ.

ಶಿಕ್ಷೆಗೂ ಪೀಡನೆಗೂ ನಡುವೆ ಗೆರೆ ಎಳೆಯುವ ಪ್ರಯತ್ನ ಹಳೆಯದು. ಹದಿನೆಂಟನೆಯ ಶತಮಾನದ ಬ್ರಿಟಿಷ್ ನಿಯಮದಂತೆ, ಕೋರ್ಟ್ ಮಾರ್ಷಲ್ ಇಲ್ಲದೆ ಕ್ಯಾಪ್ಟನ್ ಹನ್ನೆರಡಕ್ಕಿಂತ ಹೆಚ್ಚು ಚಾಟಿಯೇಟು ಕೊಡುವಂತಿರಲಿಲ್ಲ. ಈ ಮಿತಿಯನ್ನು ಸಲೀಸಾಗಿ ಮೀರುತ್ತಿದ್ದರು. ಆದರೂ ಚಾಟಿಗೊಂದು ವಿಧಿಯಿತ್ತು: ಇಡೀ ಸಿಬ್ಬಂದಿಯನ್ನು ಸೇರಿಸಿ, ಅಪರಾಧವನ್ನು ಓದಿ ಹೇಳಿ, ಹಡಗಿನ ದಿನಚರಿಯಾದ ಲಾಗ್ ಪುಸ್ತಕದಲ್ಲಿ ಬರೆದಿಡಬೇಕಿತ್ತು. ಅದಕ್ಕಿಂತ ಕೀಳಾದದ್ದು ಇನ್ನೊಂದಿತ್ತು. ಡೆಕ್ಕಿನ ಕೆಲಸದ ಮೇಲ್ವಿಚಾರಕನಾದ ಬೋಸನ್ನನ ಸಹಾಯಕರು ಹಗ್ಗದ ತುಂಡನ್ನೋ ಬೆತ್ತವನ್ನೋ ಹಿಡಿದು ಓಡಾಡುತ್ತ, ನಿಧಾನವೆಂದು ಕಂಡವನ ಬೆನ್ನಿಗೆ ನಿಂತಲ್ಲೇ ಬಾರಿಸುತ್ತಿದ್ದರು. ಅದಕ್ಕೆ ವಿಚಾರಣೆಯಿಲ್ಲ, ಲೆಕ್ಕವಿಲ್ಲ, ಲಾಗ್ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ನನ್ನ ಮಟ್ಟಿಗೆ ಪೀಡನೆಯ ಗುರುತು ಅಲ್ಲೇ ಇದೆ: ಬರೆದಿಡಲು ಆಗದ, ಮೇಲಿನವರಿಗೆ ಉತ್ತರ ಕೊಡಬೇಕಿಲ್ಲದ ಏಟು. ನಿಂತಲ್ಲೇ ಬಾರಿಸುವ ಈ ಪದ್ಧತಿಯನ್ನು 1809ರಲ್ಲಿ ನಿಷೇಧಿಸಲಾಯಿತು.

ಬದಲಾವಣೆ ತಾನಾಗಿ ಬರಲಿಲ್ಲ. ಹರ್ಮಯೊನಿಯ ರಕ್ತಪಾತಕ್ಕೆ ಐದು ತಿಂಗಳು ಮುಂಚೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ಪಿಟ್‌ಹೆಡ್‌ನಲ್ಲಿ ಲಂಗರು ಹಾಕಿದ್ದ ನೌಕಾಬಲ ಸಮುದ್ರಕ್ಕೆ ಹೊರಡಲು ಒಪ್ಪಲಿಲ್ಲ. ನಾವಿಕರ ಸಂಬಳ ನೂರಕ್ಕೂ ಹೆಚ್ಚು ವರ್ಷಗಳಿಂದ ಏರಿರಲಿಲ್ಲ. ಅಳತೆಯಲ್ಲಿ ಕಡಿತ ಮಾಡಿ ಆಹಾರ ಕೊಡುತ್ತಿದ್ದರು. ಸಂಬಳ, ಊಟದ ಜೊತೆಗೆ ಕ್ರೂರ ಅಧಿಕಾರಿಗಳನ್ನು ಹಡಗಿನಿಂದ ಇಳಿಸಿ ಎಂಬುದೂ ಅವರ ಬೇಡಿಕೆಯಾಗಿತ್ತು. ಮುಷ್ಕರದ ದಿನಗಳಲ್ಲಿ ಅವರು ತಮ್ಮದೇ ನಿಯಮ ಮಾಡಿಕೊಂಡು ಹಡಗುಗಳನ್ನು ಅಚ್ಚುಕಟ್ಟಾಗಿ ಇಟ್ಟರು, ಕುಡಿದು ಬಿದ್ದವರನ್ನು ತಾವೇ ದಂಡಿಸಿದರು, ಫ್ರೆಂಚರು ಬಂದರೆ ಹೊರಡುತ್ತೇವೆ ಎಂದೂ ಹೇಳಿದರು. ಶಿಸ್ತು ಬೇಡವೆಂದವರಲ್ಲ ಅವರು. ಅಡ್ಮಿರಲ್ ಲಾರ್ಡ್ ಹೋ ಸಂಧಾನಕ್ಕೆ ಬಂದರು. ಎಲ್ಲರಿಗೂ ಕ್ಷಮಾದಾನ ಸಿಕ್ಕಿತು, ನಾವಿಕರು ಬೇಡವೆಂದ ಐವತ್ತಕ್ಕೂ ಹೆಚ್ಚು ಅಧಿಕಾರಿಗಳು ಇಳಿದುಹೋದರು. ಮರುತಿಂಗಳು ಥೇಮ್ಸ್ ನದಿಯ ಮುಖದ ಬಳಿಯ ನೋರ್‌ನಲ್ಲಿ ನಡೆದ ದಂಗೆಗೆ ಈ ಅದೃಷ್ಟವಿರಲಿಲ್ಲ. ಅದರ ಮುಂದಾಳು ರಿಚರ್ಡ್ ಪಾರ್ಕರ್‌ನನ್ನು ಗಲ್ಲಿಗೇರಿಸಲಾಯಿತು.

ಚಾಟಿಯ ಅಂತ್ಯ ನಿಧಾನವಾಗಿ ಬಂತು. ಅಮೆರಿಕ 1850ರಲ್ಲಿ ರದ್ದುಪಡಿಸಿತು. ಬ್ರಿಟನ್ 1871ರಲ್ಲಿ ಶಾಂತಿಕಾಲಕ್ಕೆ, 1879ರಲ್ಲಿ ಯುದ್ಧಕಾಲಕ್ಕೂ ಅದನ್ನು ಅಮಾನತಿನಲ್ಲಿಟ್ಟಿತು. ಬ್ರೆಜಿಲ್‌ನಲ್ಲಿ ನಿಯಮ 25 ಏಟಿಗೆ ಮಿತಿ ಹಾಕಿದ್ದರೂ, 1910ರ ನವೆಂಬರ್‌ನಲ್ಲಿ ಒಬ್ಬ ನಾವಿಕನಿಗೆ 250 ಏಟು ಬಿದ್ದವು. ಜೊವಾವೊ ಕಾಂಡಿಡೊ ಮುಂದಾಳತ್ವದಲ್ಲಿ ನಾವಿಕರು ಯುದ್ಧನೌಕೆಗಳನ್ನೇ ವಶಪಡಿಸಿಕೊಂಡು ರಿಯೊ ನಗರದತ್ತ ತೋಪು ತಿರುಗಿಸಿದರು.

ಚಾಟಿ ಹೋದರೂ ನಾಲಗೆ ಉಳಿಯಿತು. ಬ್ರಿಟನ್ನಿನ ‘ಬೌಂಟಿ’ ಹಡಗಿನ ಮುಖ್ಯಸ್ಥ ವಿಲಿಯಂ ಬ್ಲೈಯನ್ನು ಲೋಕ ಕ್ರೂರಿಯೆಂದೇ ನೆನೆಯುತ್ತದೆ. ವಾಸ್ತವದಲ್ಲಿ ಅವನು ಆ ಕಾಲದ ಎಷ್ಟೋ ಕ್ಯಾಪ್ಟನ್ನರಿಗಿಂತ ಕಡಿಮೆ ಚಾಟಿ ಬಳಸಿದವನು. ಆದರೆ ಮಾತಿನಲ್ಲಿ ವಿಷ. 1789ರ ಏಪ್ರಿಲ್‌ನಲ್ಲಿ, ತೆಂಗಿನಕಾಯಿ ಕದ್ದರೆಂದು ಫ್ಲೆಚರ್ ಕ್ರಿಶ್ಚಿಯನ್‌ನನ್ನೂ ಇತರ ಅಧಿಕಾರಿಗಳನ್ನೂ ಎಲ್ಲರೆದುರು ಕಳ್ಳರೆಂದು ಜರೆದ. ಮರುದಿನ ಬೆಳಗಾಗುವಷ್ಟರಲ್ಲಿ ಕ್ರಿಶ್ಚಿಯನ್ ಮುಂದಾಳತ್ವದ ದಂಗೆಯಲ್ಲಿ ಹಡಗು ಬ್ಲೈಯ ಕೈತಪ್ಪಿತ್ತು. 1946ರ ಫೆಬ್ರವರಿ 18ರಂದು ಮುಂಬೈಯ ‘ತಲ್ವಾರ್’ ತರಬೇತಿ ಕೇಂದ್ರದಲ್ಲಿ ಭಾರತೀಯ ನಾವಿಕರು ಊಟ ನಿರಾಕರಿಸಿದ್ದಕ್ಕೂ ಬರಿಯ ಕೆಟ್ಟ ಅಡುಗೆಯಷ್ಟೇ ಕಾರಣವಲ್ಲ. ಕೇಂದ್ರದ ಮುಖ್ಯಸ್ಥ ಕಮಾಂಡರ್ ಕಿಂಗ್ ತಮ್ಮ ಹುಟ್ಟನ್ನೇ ಹೀಯಾಳಿಸಿ ಬೈದನೆಂದು ಅವರು ಮೊದಲೇ ದೂರು ಕೊಟ್ಟಿದ್ದರು. ಆ ದೂರಿಗೆ ಸರಿಯಾದ ಉತ್ತರ ಸಿಗಲಿಲ್ಲ. ಸ್ವಾತಂತ್ರ್ಯದ ಹಂಬಲವೂ ಕೂಡಿಕೊಂಡು, ಕೆಲವೇ ದಿನಗಳಲ್ಲಿ ಮುಷ್ಕರ ಸುಮಾರು 78 ಹಡಗುಗಳಿಗೆ, 20,000 ನಾವಿಕರಿಗೆ ಹಬ್ಬಿತು.

ಜಪಾನಿನ ಸಾಮ್ರಾಜ್ಯಶಾಹಿ ನೌಕಾಪಡೆಯಲ್ಲಿ ಹೊಸಬರ ಮೈಗೆ ದೊಣ್ಣೆಯಿಂದ ಬಾರಿಸಿ ‘ಚೈತನ್ಯ ತುಂಬುವ’ ರೂಢಿಯಿತ್ತು. ಆ ಪಡೆ 1945ರಲ್ಲಿ ಅಳಿಯಿತು. 2004ರಲ್ಲಿ ಹೊಸ ಜಪಾನಿನ ‘ತಾಚಿಕಾಝೆ’ ನೌಕೆಯ ಯುವ ನಾವಿಕನೊಬ್ಬ, ಹಿರಿಯ ಸಹೋದ್ಯೋಗಿಯ ಹಿಂಸೆ ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡ. ಹೊಡೆತದ ಜೊತೆ ಆಟಿಕೆ ಬಂದೂಕಿನ ಗುಂಡುಗಳನ್ನೂ ಅವನ ಮೇಲೆ ಹಾರಿಸುತ್ತಿದ್ದರು. ಘಟನೆಯ ಬಳಿಕ ಸಿಬ್ಬಂದಿಯಿಂದ ಬರೆಸಿಕೊಂಡ ಪ್ರಶ್ನಾವಳಿಗಳನ್ನು ನೌಕಾಪಡೆ ಮುಚ್ಚಿಟ್ಟಿತು. ಒಳಗಿನವರೇ ಒಬ್ಬರು ಅದನ್ನು ಹೊರಗೆಡಹಿದರು. ಟೋಕಿಯೊ ಹೈಕೋರ್ಟ್ 2014ರಲ್ಲಿ ಸರ್ಕಾರವನ್ನು ಹೊಣೆಯಾಗಿಸಿ ಪರಿಹಾರಕ್ಕೆ ಆದೇಶಿಸಿತು. ಹೊಡೆದವನಿಗಿಂತ ದಾಖಲೆ ಬಚ್ಚಿಟ್ಟ ಕೈಗಳ ಬಗ್ಗೆ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಬರೆದಿಟ್ಟ ಮಾತ್ರಕ್ಕೆ ಎಲ್ಲವೂ ನ್ಯಾಯವಾಗುವುದೂ ಇಲ್ಲ. ಅಮೆರಿಕದ ‘ಶೈಲೋ’ ನೌಕೆಯಲ್ಲಿ ಸಣ್ಣ ತಪ್ಪಿಗೂ ಮೂರು ದಿನ ಬರಿಯ ಬ್ರೆಡ್ಡು–ನೀರಿನ ಸೆರೆವಾಸ ವಿಧಿಸುತ್ತಿದ್ದ ಸಂಗತಿ 2017ರಲ್ಲಿ ಸುದ್ದಿಯಾಯಿತು. ಆ ಶಿಕ್ಷೆ ಆಗ ಪೂರ್ತಿ ಕಾನೂನುಬದ್ಧವಾಗಿತ್ತು. ಸಿಬ್ಬಂದಿ ಸಮೀಕ್ಷೆಯಲ್ಲಿ ನಾವಿಕರು ತಮ್ಮ ಹಡಗನ್ನು ತೇಲುವ ಜೈಲು ಎಂದು ಕರೆದಿದ್ದರು. ಇಂಥ ಹಡಗಿನಲ್ಲಿ ತಪ್ಪು ಕಂಡವನು ಹೇಳುವುದಿಲ್ಲ, ಮುಚ್ಚುತ್ತಾನೆ. ಯಂತ್ರದ ದೋಷವೂ ಕಾವಲಿನ ಲೋಪವೂ ಮೇಲಕ್ಕೆ ತಲುಪುವುದಿಲ್ಲ. ಸಮೀಕ್ಷೆಯ ಮಾತುಗಳು ಮೇಲಿನವರ ಕೈಸೇರಿದ್ದರೂ ಕ್ಯಾಪ್ಟನ್ ಅವಧಿ ಮುಗಿಸಿಯೇ ಹೊರಟರು. ಬ್ರೆಡ್ಡು–ನೀರಿನ ಶಿಕ್ಷೆ 2019ರ ಜನವರಿ 1ರಿಂದ ರದ್ದಾಗಿದೆ.