ಸಿಪ್ಪೆ ಉಪ್ಪು, ಕಾಳು ಸಪ್ಪೆ: ಕಡಲೆಕಾಯಿ ಬೇಯಿಸುವಾಗ ಎಲ್ಲಿ ತಪ್ಪುತ್ತದೆ?

ಓದುಗರ ಪ್ರಶ್ನೆ: ಮದುವೆಯಾಗಿ ಮಂಗಳೂರಿನಿಂದ ಮಡಿಕೇರಿಗೆ ಬಂದು ಎರಡು ವರ್ಷವಾಯಿತು. ಶುಕ್ರವಾರದ ಸಂತೆಯಿಂದ ಹಸಿ ನೆಲಗಡಲೆ ತಂದು ಎಷ್ಟು ಸಲ ಬೇಯಿಸಿದರೂ ಸಿಪ್ಪೆ ಮಾತ್ರ ಉಪ್ಪಾಗುತ್ತದೆ, ಒಳಗಿನ ಕಾಳು ಸಪ್ಪೆ. ಉಪ್ಪು ಜಾಸ್ತಿ ಹಾಕಿ ನೋಡಿದೆ, ಅಷ್ಟೇ. ಬೇಯುವುದಕ್ಕೂ ನಮ್ಮೂರಿಗಿಂತ ಜಾಸ್ತಿ ಹೊತ್ತು ಬೇಕು. ಗಾಡಿಯವರು ಮಾರುವ ಕಡಲೆಕಾಯಿಯಲ್ಲಿ ಕಾಳಿನ ತನಕ ಉಪ್ಪು ಇರುತ್ತದಲ್ಲ, ಅದು ಹೇಗೆ?

ಉತ್ತರ: ಎಲ್ಲವನ್ನೂ ಬರೆದಿದ್ದೀರಿ, ಬೆಂದ ಮೇಲೆ ಏನು ಮಾಡುತ್ತೀರಿ ಅನ್ನುವುದನ್ನು ಮಾತ್ರ ಬಿಟ್ಟಿದ್ದೀರಿ. ಒಲೆ ಆರಿಸಿದ ಕೂಡಲೇ ನೀರು ಬಸಿದುಬಿಡುತ್ತೀರಿ ಅಂತ ನನ್ನ ಊಹೆ. ತಪ್ಪುವುದು ಅಲ್ಲೇ. ಕಡಲೆಕಾಯಿ ಕುದಿಯುವಾಗ ಬೇಯುತ್ತದೆ, ಆರುವಾಗ ಉಪ್ಪು ಕುಡಿಯುತ್ತದೆ. ಬಿಸಿಯಾಗಿರುವಾಗಲೇ ಬಸಿದರೆ ಎರಡನೆಯ ಕೆಲಸ ಶುರುವಾಗುವ ಮೊದಲೇ ನಿಂತುಹೋಗುತ್ತದೆ.

ಮುಂದಿನ ಸಲ ಬೇಯಿಸುವಾಗ ಪಾತ್ರೆಯ ಹತ್ತಿರ ನಿಂತು ನೋಡಿ. ಹಸಿ ಕಾಯಿ ನೀರಿಗೆ ಹಾಕಿದಾಗ ಬಹಳಷ್ಟು ತೇಲುತ್ತವೆ. ಸಿಪ್ಪೆಗೂ ಕಾಳಿಗೂ ನಡುವೆ ಗಾಳಿ ಇದೆ, ಅದಕ್ಕೆ. ಕುದಿ ಬಂದಂತೆ ಕಾಯಿಯ ಮೂತಿಯಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಹೊರಡುತ್ತವೆ. ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತಿದೆ, ಅದರ ಜಾಗದಲ್ಲಿ ಹಬೆ ತುಂಬುತ್ತಿದೆ. ಹಬೆ ಒಳಗಿಂದ ಹೊರಗೆ ತಳ್ಳುತ್ತಿರುವಾಗ ಉಪ್ಪುನೀರು ಹೇಗೆ ತಾನೇ ಒಳಗೆ ಹೋದೀತು? ಒಲೆ ಆರಿಸಿ ಮುಚ್ಚಿಟ್ಟಾಗ ಹಬೆ ತಣಿದು ಹನಿಯಾಗುತ್ತದೆ. ಒಳಗೆ ಜಾಗ ಖಾಲಿಯಾಗುತ್ತದೆ. ಆಗ ಸುತ್ತಲಿನ ಉಪ್ಪುನೀರನ್ನು ಕಾಯಿ ಎಳೆದುಕೊಳ್ಳುತ್ತದೆ. ಒಂದೊಂದೇ ಕಾಯಿ ಭಾರವಾಗಿ ತಳಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಸಿಪ್ಪೆಯೊಳಗೆ ನಿಂತ ಆ ನೀರಿನಿಂದ ಉಪ್ಪು ನಿಧಾನವಾಗಿ ಕಾಳಿಗೆ ಇಳಿಯುತ್ತದೆ. ಇದಕ್ಕೆ ಹೊತ್ತು ಬೇಕು. ಎಷ್ಟು ಉಪ್ಪು ಸುರಿದರೂ ಹೊತ್ತು ಕೊಡದಿದ್ದರೆ ಸಿಪ್ಪೆಯೇ ಉಪ್ಪಾಗುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ದಸರಾ ರಾತ್ರಿ. ಮೆರವಣಿಗೆಯ ಮಂಟಪ ನೋಡಲು ಬಂದ ನೆಂಟರಿಗೆ ಅಂತ 4 ಕೆಜಿ ಕಾಯಿ ಬೇಯಿಸಿದ್ದೆ. ಬಿಸಿಬಿಸಿ ಕೊಡಬೇಕು ಅನ್ನುವ ಆಸೆಯಲ್ಲಿ ಕೂಡಲೇ ಬಸಿದೆ. ಯಾರೂ ಎರಡನೇ ಸಲ ಕೈ ಹಾಕಲಿಲ್ಲ. ಬಹಳ ಬೇಜಾರಾಯಿತು. ಆಮೇಲೆ ಪೇಟೆಯಲ್ಲಿ ತಳ್ಳುಗಾಡಿಯವರೊಬ್ಬರನ್ನು ಕೇಳಿದೆ. ಅವರು ಪೊಟ್ಟಣ ಕಟ್ಟುತ್ತಲೇ ಹೇಳಿದರು: "ಬೆಳಿಗ್ಗೆ ಬೇಯ್ಸಿ ಇಡ್ತೀವಿ ಅಕ್ಕ. ಗಾಡಿ ಹೊರಡೋ ತನಕ ಅದೇ ನೀರಲ್ಲಿರುತ್ತೆ. ಹೊರಡೋ ಮುಂಚೆ ಇನ್ನೊಂದು ಕುದಿ ಅಷ್ಟೇ." ಗಾಡಿಯ ಮೇಲೆ ನಾವು ನೋಡುವ ಹಬೆ ಆ ಎರಡನೇ ಕುದಿಯದು. ಅದನ್ನು ಆಗತಾನೇ ಬೆಂದದ್ದು ಅಂತ ನಾನು ಅಷ್ಟು ವರ್ಷ ತಿಳಿದಿದ್ದೆ.

ಬೇಯಲು ಜಾಸ್ತಿ ಹೊತ್ತು ಬೇಕು ಅಂದಿರಲ್ಲ, ಅದು ನಿಮ್ಮ ಭ್ರಮೆಯಲ್ಲ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಪ್ರತಿ 300 ಮೀಟರ್ ಮೇಲೆ ಹೋದಂತೆ ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಒಲೆ ಎಷ್ಟೇ ಜೋರು ಮಾಡಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ, ನೀರು ಬೇಗ ಬತ್ತುತ್ತದೆ ಅಷ್ಟೇ. ನಾಲ್ಕು ಡಿಗ್ರಿ ಅಂದರೆ ಸಣ್ಣದು ಅನ್ನಿಸಬಹುದು. ಕಾಳು ಮೆತ್ತಗಾಗುವುದಕ್ಕೆ ಅದು ದೊಡ್ಡದೇ. ಊರಲ್ಲಿ ಮುಕ್ಕಾಲು ಗಂಟೆಗೆ ಬೇಯುತ್ತಿದ್ದ ಹಸಿ ಕಾಯಿಗೆ ಇಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಕುಕ್ಕರ್ ಆದರೆ ಈ ತೊಂದರೆ ಇಲ್ಲ. ಒತ್ತಡದಿಂದ ಒಳಗಿನ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ, ಹಸಿ ಕಾಯಿಗೆ ನಾಲ್ಕು ವಿಷಲ್ ಸಾಕು. ಆದರೆ ಪ್ರೆಶರ್ ಇಳಿದ ಮೇಲೆ ಮುಚ್ಚಳ ತೆಗೆದು, ಅದೇ ನೀರಲ್ಲಿ ಬಿಡಲೇಬೇಕು. ಕುಕ್ಕರ್ ಬೇಯಿಸುವ ಹೊತ್ತನ್ನು ಉಳಿಸುತ್ತದೆ, ಉಪ್ಪು ಹಿಡಿಯುವ ಹೊತ್ತನ್ನು ಉಳಿಸುವುದಿಲ್ಲ.

ನಾನು ಮಾಡುವ ಅಳತೆ ಹೇಳುತ್ತೇನೆ. 1 ಕೆಜಿ ಹಸಿ ಕಾಯಿಗೆ 2 ಲೀಟರ್ ನೀರು, 80 ಗ್ರಾಂ ಹರಳುಪ್ಪು. ಕಡಲಿನ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮದು ಅದಕ್ಕಿಂತ ಒಂಚೂರು ಜಾಸ್ತಿ. ಸಮುದ್ರದ ಊರಿನವರಿಗೆ ನಾಲಿಗೆಯ ಲೆಕ್ಕ ಸುಲಭ ಅಲ್ವಾ? ಕುದಿಸುವ ಮೊದಲು ಒಂದು ಹನಿ ನಾಲಿಗೆಗೆ ಮುಟ್ಟಿಸಿ, ಕಡಲ ನೀರು ಬಾಯಿಗೆ ಬಂದ ಹಾಗಿರಬೇಕು. ಕಾಯಿಯನ್ನು ಮೊದಲು ನಾಲ್ಕೈದು ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸಿಪ್ಪೆಯ ಗೀರುಗಳಲ್ಲಿ ಕೆಂಪು ಮಣ್ಣು ಕೂತಿರುತ್ತದೆ, ತೊಳೆಯದಿದ್ದರೆ ಅದೂ ನೀರಿನ ಜೊತೆ ಒಳಗೆ ಹೋಗುತ್ತದೆ. ತೇಲುವ ಕಾಯಿಯ ಮೇಲೆ ಒಂದು ತಟ್ಟೆ ಕವುಚಿ ಭಾರ ಇಡಿ. ಮುಕ್ಕಾಲು ಗಂಟೆಯ ಮೇಲೆ ಒಂದು ಕಾಯಿ ಒಡೆದು ನೋಡಿ. ಕಾಳು ಬೆರಳಲ್ಲಿ ಒತ್ತಿದರೆ ಬೆಂದ ಅವರೆಯ ಹಾಗೆ ಮಣಿಯಬೇಕು, ಹಿಟ್ಟಾಗಬಾರದು. ಬೆಂದಿದ್ದರೆ ಒಲೆ ಆರಿಸಿ, ಮುಚ್ಚಿ, ಮೂರು ಗಂಟೆ ಮರೆತುಬಿಡಿ. ಗಂಟೆಗೊಂದು ರುಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನಿಮ್ಮ ನಾಲಿಗೆಗೆ ಸರಿ ಅನ್ನಿಸಿದ ಹೊತ್ತಿಗೆ ಬಸಿಯಿರಿ, ಇಲ್ಲದಿದ್ದರೆ ಉಪ್ಪು ಏರುತ್ತಲೇ ಹೋಗುತ್ತದೆ. ತಿನ್ನುವ ಮುಂಚೆ ಮತ್ತೊಂದು ಕುದಿ.

ನೀರಿಗೆ ಮನೆಯ ಕರಿಮೆಣಸನ್ನು ಒಂದು ಚಮಚ ಜಜ್ಜಿ ಹಾಕುವುದು ನನ್ನ ರೂಢಿ. ಕೊಡಗಿನಲ್ಲಿ ಕಾಫಿ ತೋಟದ ಮರಕ್ಕೆಲ್ಲ ಮೆಣಸಿನ ಬಳ್ಳಿ ಇರುವಾಗ ಹಾಕದಿರುವುದು ಹೇಗೆ? ಖಾರ ಕಾಳಿಗೆ ಜಾಸ್ತಿ ಇಳಿಯುವುದಿಲ್ಲ, ಆದರೆ ಕಾಯಿ ಒಡೆದಾಗ ಬರುವ ಘಮವೇ ಬೇರೆ.

ಒಣ ಕಾಯಿಯ ದಾರಿ ಬೇರೆ. ಅದನ್ನು ರಾತ್ರಿ ಪೂರ್ತಿ ನೆನೆಸಬೇಕು. ನೆನೆಸುವ ನೀರಿಗೂ ಒಂದು ಹಿಡಿ ಉಪ್ಪು ಹಾಕಿ. ಆಮೇಲೆ ತೆರೆದ ಪಾತ್ರೆಯಲ್ಲಿ ಎರಡೂವರೆ ಮೂರು ಗಂಟೆ, ಕುಕ್ಕರಿನಲ್ಲಿ ಎಂಟು ಹತ್ತು ವಿಷಲ್. ಅಷ್ಟಾದರೂ ಹಸಿ ಕಾಯಿಯ ಸಿಹಿ ಬರುವುದಿಲ್ಲ. ಹುರಿಯಲು ಒಣ ಕಾಯಿ, ಬೇಯಿಸಲು ಹಸಿ ಕಾಯಿ ಅನ್ನುವುದು ನನ್ನ ಅಭಿಪ್ರಾಯ.

ಹಸಿ ಕಾಯಿ ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಕಡಲೆಕಾಯಿ ಕೊಡಗಿನ ಬೆಳೆಯೇ ಅಲ್ಲ. ಅದರ ಹೂವು ನೆಲದ ಮೇಲೆ ಬಿಟ್ಟು, ಉದುರಿದ ಮೇಲೆ ಸೂಜಿಯಂಥದ್ದೊಂದು ಮಣ್ಣಿಗೆ ಇಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಅದಕ್ಕೆ ಮರಳು ಬೆರೆತ ಹಗುರ ಮಣ್ಣು ಬೇಕು, ನೀರು ನಿಲ್ಲಬಾರದು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಮಡಿಕೇರಿಯಲ್ಲಿ ಅದು ಆಗುವ ಮಾತಲ್ಲ. ನಮಗೆ ಬರುವುದೆಲ್ಲ ಬಯಲುಸೀಮೆಯಿಂದ. ಮೈಸೂರು ಕಡೆಯಿಂದ ಬರುವ ಗಾಡಿಗಳು ಕುಶಾಲನಗರ ದಾಟಿ ಘಟ್ಟ ಹತ್ತುತ್ತವೆ. ಹೆಸರು ಕೂಡ ಬಂದ ದಾರಿಯ ಹಾಗೆ ಇದೆ. ಮೈಸೂರು ಕಡೆಯವರಿಗೆ ಕಡಲೆಕಾಯಿ, ನಿಮಗೆ ನೆಲಗಡಲೆ, ಉತ್ತರ ಕರ್ನಾಟಕದವರಿಗೆ ಶೇಂಗಾ.

ಆದರೂ ಬೇಯಿಸಿ ತಿನ್ನುವುದು ನಮಗೆ ಹೊಸದಲ್ಲ. ಹಲಸಿನ ಬೀಜ, ಕೆಸುವಿನ ಗೆಡ್ಡೆ, ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಪುತ್ತರಿ ಗೆಣಸು, ಎಲ್ಲವೂ ಬೇಯಿಸಿ ಬಿಸಿಬಿಸಿ ತಿನ್ನುವಂಥವೇ. ಚಳಿಯ ಊರಲ್ಲಿ ಕೈ ಬೆಚ್ಚಗಾಗುವುದೂ ಒಂದು ಸುಖ. ಕಡಲೆಕಾಯಿ ಆ ಸಾಲಿಗೆ ಸುಮ್ನೆ ಬಂದು ಸೇರಿಕೊಂಡಿತು. ಮುಂಗಾರಿಗೆ ಬಿತ್ತಿದ ಬೆಳೆಯನ್ನು ಬಯಲಲ್ಲಿ ಸೆಪ್ಟೆಂಬರ್‌ನಿಂದ ಕೀಳಲು ಶುರು ಮಾಡುತ್ತಾರೆ. ಸರಿಯಾಗಿ ಆಗಲೇ ನಮ್ಮ ದಸರಾ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಹೊರಡುತ್ತವೆ, ಬೆಳಗಾಗುವ ತನಕ ಊರು ಮಲಗುವುದಿಲ್ಲ. ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಒದ್ದೆ ಪೇಪರಿನ ಪೊಟ್ಟಣ. ಆ ಪೊಟ್ಟಣ ಇಲ್ಲದೆ ನನಗೆ ದಸರಾ ಪೂರ್ತಿಯಾಗುವುದಿಲ್ಲ. ಹಸಿ ಕಾಯಿ ಇನ್ನೊಂದು ಸಲ ಬರುವುದು ಏಪ್ರಿಲ್ ಮೇ ಹೊತ್ತಿಗೆ, ನೀರಾವರಿಯ ಬೇಸಿಗೆ ಬೆಳೆ. ಕೊಳ್ಳುವಾಗ ಸಿಪ್ಪೆಯಲ್ಲಿ ಮಣ್ಣು ಒದ್ದೆಯಾಗಿದೆಯಾ ನೋಡಿ. ಅಲ್ಲಾಡಿಸಿದರೆ ಸದ್ದು ಬರಬಾರದು. ಗಲಗಲ ಅಂದರೆ ಕಾಳು ಒಣಗಿದೆ ಅಂತ ಅರ್ಥ. ನಾಲ್ಕೈದು ಒಡೆದು ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ. ತೀರಾ ಎಳೆ ಕಾಯಿಯಲ್ಲಿ ಕಾಳು ಸಣ್ಣದು, ಆದರೆ ಅದನ್ನು ಸಿಪ್ಪೆ ಸಮೇತ ಅಗಿಯುವವರಿದ್ದಾರೆ, ನಾನೂ ಒಬ್ಬಳು.

ಮಳೆಗಾಲದ ಒಣ ಕಾಯಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ ಇರಲಿ. ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟ್ ಹೊತ್ತಿನ ಜೋರು ಮಳೆಯಲ್ಲಿ, ಇಲ್ಲಿ ಬಟ್ಟೆಯೇ ಒಣಗುವುದಿಲ್ಲ. ಚೀಲದಲ್ಲಿ ಕೂತ ಕಡಲೆಕಾಯಿಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು? ಕಡಲೆಕಾಯಿಗೆ ಹಿಡಿಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ಲಿವರಿಗೆ ಕೆಟ್ಟದ್ದು. ಬೇಯಿಸಿದರೆ ಬೂಷ್ಟು ಸಾಯುತ್ತದೆ, ಆ ವಿಷ ಹೋಗುವುದಿಲ್ಲ. ಕುದಿಯುವ ನೀರಿನ ಬಿಸಿ ಅದಕ್ಕೆ ಏನೂ ಸಾಲದು. ಹಾಗಾಗಿ ಹಸಿರೋ ಕಪ್ಪೋ ಪುಡಿ ಕಂಡ ಕಾಯಿ, ಸುಕ್ಕಾದ ಕಾಳು, ಕಹಿಯಾದ ಕಾಳು, ಯಾವುದನ್ನೂ "ಬೇಯಿಸಿದ್ದೇವಲ್ಲ" ಅಂತ ತಿನ್ನಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಬಾಯಿಗೆ ಹಾಕಿದ್ದು ಕಹಿ ಅನ್ನಿಸಿದರೆ ಉಗಿದು ಬಾಯಿ ಮುಕ್ಕಳಿಸಿ.

ಬೆಂದ ಕಾಯಿಯೂ ಬಹಳ ಹೊತ್ತು ಇರುವುದಿಲ್ಲ. ಮರುದಿನಕ್ಕೆ ಲೋಳೆ ಬರುತ್ತದೆ. ಬಸಿದು, ಆರಿಸಿ, ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ನಮ್ಮಲ್ಲಿ ಉಳಿದದ್ದನ್ನು ಬಿಡಿಸಿ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಒಂದು ಗಾಂಧಾರಿ ಮೆಣಸು ಹೆಚ್ಚಿ ಹಾಕಿ ಕಲೆಸುತ್ತೇವೆ. ನಿಂಬೆಹಣ್ಣಿನ ಬದಲು ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಎರಡೇ ಹನಿ. ಮೂರನೇ ಹನಿ ಬಿದ್ದರೆ ಹುಳಿ ತಡೆಯಲು ಆಗುವುದಿಲ್ಲ. ಬಿಪಿ ಇರುವ ಹಿರಿಯರು ಮನೆಯಲ್ಲಿದ್ದರೆ ಅವರ ಪಾಲನ್ನು ಒಲೆ ಆರಿಸಿದ ಕೂಡಲೇ ಬಸಿದು ತೆಗೆದಿಡಿ. ಆಗ ಅವರಿಗೆ ಸಪ್ಪೆ ಕಾಳು, ನಮಗೆ ಉಪ್ಪು ಕಾಳು, ಒಂದೇ ಪಾತ್ರೆಯಲ್ಲಿ.

ಉಳಿದ ಉಪ್ಪುನೀರನ್ನು ಅದೇ ದಿನ ಇನ್ನೊಂದು ಸಲಕ್ಕೆ ಬಳಸಬಹುದು, ನೀರೂ ಉಪ್ಪೂ ಸ್ವಲ್ಪ ಸೇರಿಸಿಕೊಂಡು. ಆಮೇಲೆ ಬಚ್ಚಲಿಗೆ ಚೆಲ್ಲಿ. ಅಡುಗೆಮನೆಯ ನೀರನ್ನೆಲ್ಲ ಹಿತ್ತಲಿಗೆ ಎರಚುವ ಅಭ್ಯಾಸ ಇಲ್ಲಿ ತುಂಬಾ ಮನೆಗಳಲ್ಲಿದೆ. ಇದನ್ನು ಮಾತ್ರ ಮೆಣಸಿನ ಬಳ್ಳಿಯ ಬುಡಕ್ಕೂ ಕಾಫಿ ಗಿಡದ ಬುಡಕ್ಕೂ ಹಾಕಬೇಡಿ, ಉಪ್ಪಿಗೆ ಬೇರು ಸುಡುತ್ತದೆ.