ಒಂದು ವಾಕ್ಯ ಸಿಕ್ಕರೆ ಸಾಕಿತ್ತು

ವರದಿ ನಿಜವಾಗಿದ್ದರೆ ಪತ್ರಿಕೆಗೆ ಏನೂ ಆಗಲ್ಲ ಎಂದು ಡೆಸ್ಕಿಗೆ ಹೊಸದಾಗಿ ಬರುವ ಹುಡುಗರು ನಂಬಿರುತ್ತಾರೆ. ಅವರಿಗೆ ನಾನು ಜಪಾನಿನ 1918ರ ಅಕ್ಕಿ ಗಲಭೆಯ ವಿಷಯ ಹೇಳುತ್ತೇನೆ.

ಆ ವರ್ಷ ಅಕ್ಕಿ ಬೆಲೆ ಕೈಗೆ ಸಿಗದಂತೆ ಏರಿತ್ತು. ಸೈಬೀರಿಯಾಕ್ಕೆ ಸೇನೆ ಹೋಗುತ್ತದೆ ಎಂಬ ಸುದ್ದಿ ಬೇರೆ. ಸೇನೆಗೆ ಅಕ್ಕಿ ಬೇಕಾಗುತ್ತದೆ, ಬೆಲೆ ಇನ್ನೂ ಏರುತ್ತದೆ ಎಂದು ವ್ಯಾಪಾರಿಗಳು ದಾಸ್ತಾನಿಗೆ ಇಳಿದರು. ಜುಲೈನಲ್ಲಿ ತೊಯಾಮಾ ಕಡೆಯ ಉಓಜು ಊರಿನಲ್ಲಿ ಮೀನುಗಾರರ ಮನೆಯ ಹೆಂಗಸರು, ನಮ್ಮೂರ ಅಕ್ಕಿಯನ್ನು ಹಡಗಿಗೆ ತುಂಬಬೇಡಿ ಎಂದು ಪಟ್ಟು ಹಿಡಿದರು. ಆಗಸ್ಟ್‌ನಲ್ಲಿ ಕ್ಯೋಟೋ, ಒಸಾಕಾ, ಕೋಬೆ ಎಲ್ಲ ಕಡೆ ಜನ ಬೀದಿಗೆ ಬಂದರು. ಸರ್ಕಾರ ಸೇನೆ ಇಳಿಸಿತು. ಆಗಸ್ಟ್ 14ರಂದು ಗಲಭೆಯ ಸುದ್ದಿಯನ್ನೇ ಅಚ್ಚು ಹಾಕಬಾರದು ಎಂದಿತು. ಪತ್ರಿಕೆಗಳು ಜಗಳಕ್ಕೆ ನಿಂತ ಮೇಲೆ, ಸರ್ಕಾರಿ ಪ್ರಕಟಣೆ ಹಾಕಿಕೊಳ್ಳಿ ಎಂದು ಸಡಿಲಿಸಿತು.

25ರಂದು ಒಸಾಕಾದಲ್ಲಿ ಪತ್ರಕರ್ತರು ಪ್ರತಿಭಟನಾ ಸಭೆ ಸೇರಿದರು. 'ಒಸಾಕಾ ಅಸಾಹಿ' ಪತ್ರಿಕೆಯ ವರದಿಗಾರ ಒನಿಶಿ ತೊಶಿಯೊ ಸಂಜೆ ಸಂಚಿಕೆಗೆ ಅದರ ವರದಿ ಬರೆದರು. ಅದರಲ್ಲಿ 'ಬಿಳಿ ಕಾಮನಬಿಲ್ಲು ಸೂರ್ಯನನ್ನು ಸೀಳಿತು' ಎಂಬ ಹಳೆಯ ಚೀನೀ ಮಾತು ಸೇರಿತ್ತು. ಅರಸನಿಗೆ ಕೇಡು ಬರುವ ಶಕುನ ಅದು. ಕಚೇರಿಯಲ್ಲೇ ಯಾರೋ ಗಮನಿಸಿ ಯಂತ್ರ ನಿಲ್ಲಿಸಿದರು. ಅಷ್ಟರಲ್ಲಿ ಒಂದಷ್ಟು ಪ್ರತಿ ಹೊರಗೆ ಹೋಗಿತ್ತು.

ಸರ್ಕಾರಕ್ಕೆ ಇಷ್ಟೇ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ತಿಂಗಳುಗಟ್ಟಲೆ ಆ ಪತ್ರಿಕೆ ಪ್ರಧಾನಿ ತೆರೌಚಿ ಅವರ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತ್ತು. ಆ ಟೀಕೆಯ ಮೇಲೆ ಕೇಸು ಹಾಕುವುದು ಕಷ್ಟ. ಚಕ್ರವರ್ತಿಗೆ ಅವಮಾನ ಅಂದರೆ ಸುಲಭ, ಅಲ್ವಾ? 1909ರ ಪತ್ರಿಕಾ ಕಾಯ್ದೆಯಡಿ ಮೊಕದ್ದಮೆ ಬಿತ್ತು. ಪತ್ರಿಕೆಯನ್ನೇ ಮುಚ್ಚಿಸುತ್ತೇವೆ ಎಂಬ ಬೆದರಿಕೆಯೂ ಬಂತು. ಸೆಪ್ಟೆಂಬರ್ 28ರಂದು ಬಲಪಂಥೀಯ ಗುಂಪೊಂದು ಪತ್ರಿಕೆಯ ಅಧ್ಯಕ್ಷ ಮುರಾಯಾಮಾ ರ್ಯೋಹೆಯಿ ಅವರನ್ನು ನಕನೋಶಿಮಾ ಪಾರ್ಕಿನಲ್ಲಿ ಹಿಡಿದು ಕಟ್ಟಿಹಾಕಿತು. ದೇಶದ್ರೋಹಿ ಎಂದು ಬರೆದ ಬಟ್ಟೆ ತೂಗುಹಾಕಿತು.

ಆಗಲೇ ರಾಜೀನಾಮೆ ಕೊಟ್ಟಿದ್ದ ತೆರೌಚಿ ಸರ್ಕಾರ ಮರುದಿನ ಅಧಿಕಾರ ಬಿಟ್ಟಿತು. ಹರಾ ತಕಾಶಿ ಪ್ರಧಾನಿಯಾದರು. ಜನ ಅವರನ್ನು ಸಾಮಾನ್ಯರ ಪ್ರಧಾನಿ ಎಂದು ಕರೆಯುತ್ತಿದ್ದರು. ಕೇಸು ಮಾತ್ರ ನಿಲ್ಲಲಿಲ್ಲ. ಮುರಾಯಾಮಾ ರಾಜೀನಾಮೆ ಕೊಟ್ಟರು. ತೊರಿಯಿ ಸೊಸೆನ್, ಹಸೆಗಾವಾ ನ್ಯೊಝೆಕನ್ ಅಂಥ ಒಳ್ಳೆಯ ಬರಹಗಾರರೂ ಹೊರಟರು. ಡಿಸೆಂಬರ್‌ನಲ್ಲಿ ಪತ್ರಿಕೆ, ನಮ್ಮ ಬರಹದಲ್ಲಿ ಸಂಯಮ ತಪ್ಪಿತ್ತು ಎಂದು ತಾನೇ ಅಚ್ಚು ಹಾಕಿತು. ನನಗೆ ಜಾಸ್ತಿ ನೋವು ಕೊಡುವುದು ಈ ಭಾಗ. ಒನಿಶಿಗೆ ಎರಡು ತಿಂಗಳ ಜೈಲಾಯಿತು. ಪತ್ರಿಕೆ ಮೇಲ್ಮನವಿಗೂ ಹೋಗಲಿಲ್ಲ.